ಇಟಲಿಯ ಮನೆಮಂದಿಯ ತ್ರತ್ತೋರಿಯಾದಲ್ಲಿ ಊಟ: ಬಾಗಿಲಿನಿಂದ ಬಿಲ್ಲಿನವರೆಗೆ

ಇಟಲಿ ಪ್ರವಾಸಕ್ಕೆ ಹೋದ ನಮ್ಮವರ ಊಟ ಸಾಮಾನ್ಯವಾಗಿ ಎರಡು ಕಡೆ ಮುಗಿದುಹೋಗುತ್ತದೆ. ಒಂದೋ ಕೊಲೊಸಿಯಂ ಎದುರು ಬಾಗಿಲಲ್ಲೇ ನಿಂತು ಕೈಬೀಸಿ ಕರೆಯುವ ರೆಸ್ಟೋರೆಂಟಿನಲ್ಲಿ, ಇಲ್ಲವೇ ಪಿಜ್ಜಾ ತುಂಡು ಕೈಯಲ್ಲಿ ಹಿಡಿದು ರಸ್ತೆಯ ಮೇಲೆ. ಅಲ್ಲಿಂದ ಎರಡು ಬೀದಿ ಒಳಗೆ ಹೋದರೆ ಅಮ್ಮ ಒಲೆಯ ಮುಂದೆ, ಮಗ ಮೇಜುಗಳ ನಡುವೆ, ಅಪ್ಪ ಗಲ್ಲಾದಲ್ಲಿ ಇರುವ ಸಣ್ಣ ಊಟದ ಮನೆಗಳಿವೆ. ತ್ರತ್ತೋರಿಯಾ ಎಂದರೆ ಅದೇ. ಆ ಊರಿನ ಅಡುಗೆಯ ರುಚಿ ನೋಡಬೇಕೆಂದರೆ ಅಲ್ಲಿಗೇ ಹೋಗಬೇಕು.

ಹೋಗಲು ಹಿಂಜರಿಕೆ ಯಾಕೆಂಬುದೂ ಗೊತ್ತು. ಕೈಬರಹದ ಪಟ್ಟಿ ಇಟಾಲಿಯನ್ನಿನಲ್ಲಿರುತ್ತದೆ, ಬಡಿಸುವವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ಯಾವುದರಲ್ಲಿ ಮಾಂಸ ಸೇರಿದೆಯೋ ತಿಳಿಯುವುದಿಲ್ಲ, ಕೊನೆಗೆ ಬಿಲ್ಲಿನಲ್ಲಿ ತಾವು ಕೇಳದ ಒಂದು ಸಾಲು ಇರುತ್ತದೆ. ಇವೆಲ್ಲಕ್ಕೂ ಪರಿಹಾರವಿದೆ. ಇಲ್ಲಿ ಅಡುಗೆ ನಡೆಯುವುದು ಆ ಮನೆಯ ದಿನಚರಿಯಂತೆ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಏನು ಸಿಕ್ಕಿತೋ, ಇವತ್ತು ಯಾವ ಪಾಸ್ತಾ ಲಟ್ಟಿಸಿದರೋ, ಯಾವ ಸಾಸ್ ಒಲೆಯ ಮೇಲೆ ಗಂಟೆಗಟ್ಟಲೆ ಕುದಿಯಿತೋ ಅದರೊಳಗೇ ನಿಮ್ಮ ಊಟ. ಹಾಗಾಗಿ ಪಟ್ಟಿಯನ್ನು ಓದಿ ಮುಗಿಸುವುದಕ್ಕಿಂತ ಮನೆಯವರನ್ನು ಕೇಳುವುದು ಮುಖ್ಯ, ಅದಕ್ಕಿಂತ ಮುಖ್ಯ ಸರಿಯಾದ ಹೊತ್ತಿಗೆ ಕೇಳುವುದು.

1. ಜಾಗ ಆರಿಸುವುದು

ರಿಸ್ತೊರಾಂತೆ ಎಂದರೆ ದೊಡ್ಡದು, ತ್ರತ್ತೋರಿಯಾ ಎಂದರೆ ಮನೆಯವರದು, ಓಸ್ತೆರಿಯಾ ಎಂದರೆ ವೈನ್ ಜೊತೆ ಸರಳ ತಿನಿಸು ಕೊಡುವ ಜಾಗ ಎಂಬ ವಿಂಗಡಣೆ ಹಿಂದೆ ಇತ್ತು. ಈಗ ದುಬಾರಿ ರೆಸ್ಟೋರೆಂಟುಗಳೂ ಓಸ್ತೆರಿಯಾ ಎಂದು ಬೋರ್ಡು ಹಾಕಿಕೊಳ್ಳುತ್ತವೆ. ಬೋರ್ಡನ್ನು ಬಿಟ್ಟು ಬಾಗಿಲ ಪಕ್ಕದಲ್ಲಿ ತೂಗುಹಾಕಿದ ದರಪಟ್ಟಿಯನ್ನು ಓದಿ. ಗಿರಾಕಿ ಒಳಗೆ ಬರುವ ಮೊದಲೇ ಬೆಲೆ ನೋಡುವಂತೆ ಪಟ್ಟಿಯನ್ನು ಹೊರಗಡೆ ಹಾಕಬೇಕೆಂಬ ನಿಯಮ ಇಟಲಿಯಲ್ಲಿದೆ. ಇಲ್ಲದಿದ್ದರೆ ಮುಂದೆ ನಡೆಯಿರಿ.

ಪಟ್ಟಿ ಚಿಕ್ಕದಿರಬೇಕು. ನಾಲ್ಕೈದು ಬಗೆಯ ಪಾಸ್ತಾ, ಮೂರ್ನಾಲ್ಕು ಮಾಂಸ ಅಥವಾ ಮೀನಿನ ತಿನಿಸು, ಒಂದಿಷ್ಟು ತರಕಾರಿ. ಒಂದೇ ಅಡುಗೆಮನೆ ದಿನಕ್ಕೆ ಅಷ್ಟನ್ನು ಚೆನ್ನಾಗಿ ಮಾಡಬಲ್ಲದು. ನಲವತ್ತು ಬಗೆ ಇದ್ದರೆ ಬಹುಪಾಲು ಫ್ರೀಜರಿನಿಂದ ಬಂದದ್ದು. ಪಟ್ಟಿಯಲ್ಲಿ ಹೆಸರಿನ ಪಕ್ಕ ನಕ್ಷತ್ರ ಚಿಹ್ನೆ ಇದ್ದರೆ ಆ ಪದಾರ್ಥ ಹೆಪ್ಪುಗಟ್ಟಿಸಿದ್ದು ಎಂದರ್ಥ. ಅಡಿಟಿಪ್ಪಣಿಯಲ್ಲಿ ‘ಸುರ್ಜೆಲಾತೊ’ ಎಂದು ಬರೆದಿರುತ್ತಾರೆ. ಒಂದೆರಡು ನಕ್ಷತ್ರ ಇದ್ದರೆ ಗಾಬರಿ ಬೇಡ, ಎಲ್ಲದಕ್ಕೂ ಇದ್ದರೆ ಬೇರೆ ಜಾಗ ನೋಡಿ. ತಿನಿಸುಗಳ ಬಣ್ಣದ ಫೋಟೊ, ಆರು ಭಾಷೆಯ ಮೆನು, ಬಾಗಿಲಲ್ಲಿ ಕರೆಯುವವನು, ‘ಮೆನು ತುರಿಸ್ತಿಕೊ’, ಅಂದರೆ ಪ್ರವಾಸಿಗರ ಮೆನು ಎಂಬ ಫಲಕ, ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಹನ್ನೊಂದರವರೆಗೆ ಬಿಡುವಿಲ್ಲದೆ ತೆರೆದ ಬಾಗಿಲು, ಇವು ಒಟ್ಟಿಗೆ ಕಂಡರೆ ಅನುಮಾನವೇ ಬೇಡ.

ಒಳ್ಳೆಯ ಸೂಚನೆಗಳೂ ಇವೆ. ವಾರಕ್ಕೊಂದು ದಿನ ರಜೆ ಎಂದು ಬರೆದಿದ್ದರೆ ಅದನ್ನು ಮನುಷ್ಯರು ನಡೆಸುತ್ತಿದ್ದಾರೆ ಎಂದು ನಂಬಬಹುದು. ಪಟ್ಟಿ ಋತುವಿನೊಂದಿಗೆ ಬದಲಾಗಬೇಕು: ಚಳಿಗಾಲದಲ್ಲಿ ರೋಮ್‌ನ ಪುಂತಾರೆಲ್ಲೆ ಸೊಪ್ಪು, ವಸಂತದಲ್ಲಿ ಕಾರ್ಚೋಫಿ ಎಂಬ ಆರ್ಟಿಚೋಕ್ ಮತ್ತು ಶತಾವರಿ, ಶರತ್ಕಾಲದಲ್ಲಿ ಪೊರ್ಚೀನಿ ಅಣಬೆ. ಆಗಸ್ಟ್‌ನಲ್ಲಿ ಆರ್ಟಿಚೋಕ್ ಕೊಡುವವರು ಅದನ್ನು ಎಲ್ಲಿಂದ ತಂದರೋ ಎಂದು ಕೇಳಬೇಕಾಗುತ್ತದೆ. ಬಾಗಿಲ ಗಾಜಿಗೆ ಸ್ಲೋ ಫುಡ್ ಸಂಸ್ಥೆಯ ಬಸವನಹುಳದ ಸ್ಟಿಕ್ಕರ್ ಅಂಟಿಸಿದ್ದರೆ ಧೈರ್ಯವಾಗಿ ಹೋಗಿ. 1986ರಲ್ಲಿ ರೋಮ್‌ನ ಸ್ಪಾನಿಶ್ ಮೆಟ್ಟಿಲುಗಳ ಬಳಿ ಮ್ಯಾಕ್‌ಡೊನಾಲ್ಡ್ಸ್ ತೆರೆದದ್ದನ್ನು ವಿರೋಧಿಸಿದ ಕಾರ್ಲೊ ಪೆತ್ರೀನಿ ಮತ್ತು ಅವರ ಜೊತೆಗಾರರು ಕಟ್ಟಿದ ಚಳವಳಿ ಅದು. ಸ್ಥಳೀಯ ಪದಾರ್ಥ ಬಳಸಿ ಊರಿನ ಅಡುಗೆ ಉಳಿಸಿಕೊಂಡ ಜಾಗಗಳನ್ನು ಅವರು ಹುಡುಕಿ ಗುರುತಿಸುತ್ತಾರೆ.

2. ಹೊತ್ತು ನೋಡಿಕೊಂಡು ಹೋಗುವುದು

ಮಧ್ಯಾಹ್ನದ ಊಟ ಹನ್ನೆರಡೂವರೆಯಿಂದ ಎರಡೂವರೆ, ರಾತ್ರಿಯ ಊಟ ಏಳೂವರೆಯ ನಂತರ. ಉತ್ತರದ ಮಿಲಾನೊ, ತೊರೀನೊ ಕಡೆ ಸ್ವಲ್ಪ ಬೇಗ. ದಕ್ಷಿಣದ ನಾಪೊಲಿ, ಪಲೆರ್ಮೊ ಕಡೆ ಎಂಟೂವರೆ, ಒಂಬತ್ತಕ್ಕೆ ಮನೆಗಳಿಂದ ಜನ ಹೊರಡುತ್ತಾರೆ. ನಡುವಿನ ಹೊತ್ತಿನಲ್ಲಿ ಒಲೆ ಆರಿರುತ್ತದೆ. ಸಂಜೆ ಐದಕ್ಕೆ ಹಸಿವಾಯಿತೆಂದು ಬಾಗಿಲು ತಟ್ಟಿದರೆ ಒಳಗೆ ಮನೆಯವರು ತಾವೇ ಊಟಕ್ಕೆ ಕುಳಿತಿರಬಹುದು. ಮ್ಯೂಸಿಯಂ ಸುತ್ತಾಟವನ್ನು ಈ ಹೊತ್ತಿಗೆ ಹೊಂದಿಸಿಕೊಳ್ಳಿ. ಆಗಸ್ಟ್ 15ರ ಫೆರ್ರಗೋಸ್ತೊ ಹಬ್ಬದ ಆಸುಪಾಸಿನಲ್ಲಿ ಎಷ್ಟೋ ಸಣ್ಣ ತ್ರತ್ತೋರಿಯಾಗಳು ಎರಡು ಮೂರು ವಾರ ಮುಚ್ಚಿರುತ್ತವೆ. ಬಾಗಿಲಿಗೆ ‘ಕ್ಯೂಸೊ ಪೆರ್ ಫೆರಿಯೆ’ ಎಂಬ ಚೀಟಿ ಇರುತ್ತದೆ. ಆ ವಾರಗಳಲ್ಲಿ ಹೋಗುವವರು ಮೊದಲೇ ವಿಚಾರಿಸುವುದು ಒಳ್ಳೆಯದು.

ಹದಿನೈದು ಮೇಜಿನ ಜಾಗದಲ್ಲಿ ಶುಕ್ರವಾರ, ಶನಿವಾರ ರಾತ್ರಿ ಕಾದಿರಿಸದೆ ಸೀಟು ಸಿಗುವುದಿಲ್ಲ. ಭಾನುವಾರ ಮಧ್ಯಾಹ್ನವಂತೂ ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಇಡೀ ಕುಟುಂಬ ಒಂದೇ ಉದ್ದದ ಮೇಜಿಗೆ ಕೂರುವ ಹೊತ್ತು. ಆ ಸಂಭ್ರಮ ನೋಡಲಿಕ್ಕಾದರೂ ಒಂದು ಭಾನುವಾರ ಹೋಗಬೇಕು, ಆದರೆ ಕಾದಿರಿಸಿಯೇ. ಹಿಂದಿನ ದಿನ ಅದೇ ದಾರಿಯಲ್ಲಿ ಹೋಗುವಾಗ ಒಳಗೆ ಹೋಗಿ ಹೇಳಿಬರುವುದು ಎಲ್ಲಕ್ಕಿಂತ ಸಲೀಸು. ಫೋನಿನಲ್ಲಾದರೆ ಇಷ್ಟು ಸಾಕು: ‘ಬ್ವೋನಸೇರಾ. ವೊರ್ರೇಯಿ ಪ್ರೆನೊತಾರೆ ಉನ್ ತಾವೊಲೊ ಪೆರ್ ಕ್ವಾತ್ತ್ರೊ, ಪೆರ್ ಸ್ತಸೇರಾ, ಆಲ್ಲೆ ಓತ್ತೊ.’ ನಾಲ್ಕು ಜನಕ್ಕೆ, ಇವತ್ತು ರಾತ್ರಿ ಎಂಟಕ್ಕೆ ಒಂದು ಮೇಜು ಬೇಕು ಎಂದು. ಒತ್ತಕ್ಷರ, ದೀರ್ಘಗಳನ್ನು ಹೀಗೆ ಬರೆದಂತೆಯೇ ಉಚ್ಚರಿಸಿದರೆ ಅವರಿಗೆ ಅರ್ಥವಾಗುತ್ತದೆ. ತಡವಾಗುವುದಾದರೆ, ಬರುವುದಿಲ್ಲವಾದರೆ, ಫೋನ್ ಮಾಡಿ ತಿಳಿಸಿ. ಅಷ್ಟು ಸಣ್ಣ ಜಾಗದಲ್ಲಿ ಖಾಲಿ ಉಳಿದ ಒಂದು ಮೇಜೂ ಆ ರಾತ್ರಿಯ ದುಡಿಮೆಗೆ ಪೆಟ್ಟು.

3. ಒಳಗೆ ಕಾಲಿಟ್ಟ ಮೇಲೆ

ನೇರವಾಗಿ ಹೋಗಿ ಖಾಲಿ ಮೇಜಿನಲ್ಲಿ ಕೂರಬೇಡಿ. ಬಾಗಿಲ ಬಳಿ ನಿಂತು ಕಣ್ಣು ಕೂಡಿಸಿ, ಹಗಲಾದರೆ ‘ಬ್ವೊನ್ ಜೋರ್ನೊ’, ಸಂಜೆಯಾದರೆ ‘ಬ್ವೋನಸೇರಾ’ ಎನ್ನಿ. ಈ ಒಂದು ಮಾತಿಗೆ ಅಲ್ಲಿ ಬಹಳ ಬೆಲೆ. ಎಷ್ಟು ಜನ ಎಂದು ಬೆರಳು ತೋರಿಸಿದರೂ ಆಯಿತು, ಅವರೇ ಕೂರಿಸುತ್ತಾರೆ. ಮಕ್ಕಳಿದ್ದರೆ ಸಂಕೋಚ ಬೇಡ; ಇಂಥ ಜಾಗಗಳಲ್ಲಿ ಮಕ್ಕಳನ್ನು ಕಂಡರೆ ಅಡುಗೆಮನೆಯಿಂದಲೇ ಯಾರಾದರೂ ಮಾತಾಡಿಸಲು ಬರುತ್ತಾರೆ. ಪಟ್ಟಿಯಲ್ಲಿ ಇಲ್ಲದಿದ್ದರೂ ‘ಪಾಸ್ತಾ ಇನ್ ಬಿಯಾಂಕೊ’, ಅಂದರೆ ಬೆಣ್ಣೆಯನ್ನೋ ಎಣ್ಣೆಯನ್ನೋ ಹಾಕಿದ ಸಾದಾ ಪಾಸ್ತಾ, ಅಥವಾ ‘ಅಲ್ ಪೊಮೊದೋರೊ’, ಟೊಮೇಟೊ ಸಾಸಿನದು, ಮಗುವಿಗೆಂದು ಕೇಳಿದರೆ ಮಾಡಿಕೊಡುತ್ತಾರೆ. ‘ಮೆಜ್ಜಾ ಪೊರ್ತ್ಸಿಯೋನೆ’ ಎಂದರೆ ಅರ್ಧ ಪ್ರಮಾಣ.

4. ಸಸ್ಯಾಹಾರಿಗಳು ಮೊದಲೇ ಹೇಳಬೇಕಾದದ್ದು

ಮಾಂಸ ತಿನ್ನುವವರು ಈ ಭಾಗವನ್ನು ದಾಟಿ ಮುಂದಕ್ಕೆ ಹೋಗಬಹುದು. ಉಳಿದವರು ನಿಧಾನವಾಗಿ ಓದಿ, ಏಕೆಂದರೆ ಇಟಲಿ ಸಸ್ಯಾಹಾರಿಗಳಿಗೆ ಅಷ್ಟೊಂದು ಕೊಡುತ್ತದೆ, ಕೇಳಬೇಕಾದದ್ದನ್ನು ಕೇಳಿದರೆ ಮಾತ್ರ.

ಪಟ್ಟಿ ಕೈಗೆ ಬರುವ ಮೊದಲೇ ಹೇಳಿಬಿಡಿ: ‘ಸಿಯಾಮೊ ವೆಜೆತರಿಯಾನಿ. ನೊನ್ ಮಂಜಾಮೊ ನೇ ಕಾರ್ನೆ ನೇ ಪೇಶೆ.’ ನಾವು ಸಸ್ಯಾಹಾರಿಗಳು, ಮಾಂಸವನ್ನೂ ತಿನ್ನುವುದಿಲ್ಲ, ಮೀನನ್ನೂ ತಿನ್ನುವುದಿಲ್ಲ. ಬರೀ ‘ಮಾಂಸ ಬೇಡ’ ಎಂದರೆ ಸಾಲದು. ಕಾರ್ನೆ ಎಂದಾಗ ದೊಡ್ಡ ತುಂಡು ಮಾಂಸವನ್ನಷ್ಟೇ ಮನಸ್ಸಿಗೆ ತಂದುಕೊಂಡು, ಉಪ್ಪು ಹಾಕಿದ ಹಂದಿಮಾಂಸದ ಚೂರುಗಳನ್ನೋ ಆಂಚೊವಿ ಮೀನನ್ನೋ ಲೆಕ್ಕಕ್ಕೇ ಹಿಡಿಯದವರು ಹಳ್ಳಿಗಳ ಕಡೆ ಇನ್ನೂ ಇದ್ದಾರೆ. ಮೋಸ ಮಾಡಲೆಂದಲ್ಲ, ಅವರ ಅಡುಗೆಯಲ್ಲಿ ಅವು ಒಗ್ಗರಣೆಯ ಹಾಗೆ ಸೇರಿಹೋಗಿರುತ್ತವೆ. ಆದ್ದರಿಂದ ‘ನೇ ಪ್ರೊಶ್ಶೂತ್ತೊ, ನೇ ಪಂಚೇತ್ತಾ, ನೇ ಅಚ್ಚೂಗೆ’ ಎಂದು ಹೆಸರು ಹಿಡಿದು ಸೇರಿಸಿ. ಮೊದಲೆರಡು ಉಪ್ಪು ಹಾಕಿದ ಹಂದಿಮಾಂಸ, ಕೊನೆಯದು ಆಂಚೊವಿ.

ಬಚ್ಚಿಟ್ಟುಕೊಂಡಿರುವ ಮಾಂಸದ್ದೇ ತೊಂದರೆ. ಮಿನೆಸ್ತ್ರೋನೆ ಬರೀ ತರಕಾರಿಯ ಸೂಪಿನಂತೆ ಕಂಡರೂ ಮಾಂಸದ ಬ್ರೋದೊದಲ್ಲಿ, ಅಂದರೆ ಮಾಂಸ ಬೇಯಿಸಿದ ನೀರಿನಲ್ಲಿ, ಕುದಿಸಿರಬಹುದು. ರಿಸೊತ್ತೊ ಎಂಬ ಅಕ್ಕಿಯ ತಿನಿಸಿಗೂ ಹಾಗೆಯೇ. ಕೇಸರಿಯ ಬಣ್ಣದ ಮಿಲಾನೊ ರಿಸೊತ್ತೊಗಂತೂ ಮಾಂಸದ ಬ್ರೋದೊ ಅಲ್ಲದೆ ಮೂಳೆಯ ಮಜ್ಜೆಯೂ ಸಂಪ್ರದಾಯ. ‘ಚೇ ಬ್ರೋದೊ ದಿ ಕಾರ್ನೆ?’ ಎಂದು ಕೇಳಿ. ಪಾಸ್ತಾ ಎ ಫಜೋಲಿ ಎಂಬ ಬೀನ್ಸ್ ಕಾಳಿನ ಪಾಸ್ತಾಕ್ಕೆ ಪಂಚೇತ್ತಾ ಬೀಳುವುದು ಸಾಮಾನ್ಯ. ದಕ್ಷಿಣದ ಪುಲ್ಯಾ ಪ್ರಾಂತ್ಯದ ಒರೆಕ್ಯೇತ್ತೆ ಪಾಸ್ತಾ ಸೊಪ್ಪಿನ ಜೊತೆ ಬಂದರೂ ಎಣ್ಣೆಯಲ್ಲಿ ಆಂಚೊವಿ ಕರಗಿರುತ್ತದೆ. ರೋಮ್‌ನಲ್ಲಿ ಪುಂತಾರೆಲ್ಲೆ ಕೋಸಂಬರಿಗೂ, ಕರಿದ ಕುಂಬಳ ಹೂವಿನ ಒಳಗೂ ಅದೇ ಮೀನು. ಮಾರ್ಕೆ ಪ್ರಾಂತ್ಯದ ಕರಿದ ಆಲಿವ್ ‘ಒಲೀವೆ ಆಲ್ಲಸ್ಕೊಲಾನಾ’ಕ್ಕೆ ಮಾಂಸ ತುಂಬಿರುತ್ತದೆ. ಅಮತ್ರಿಚಾನಾ, ಕಾರ್ಬೊನಾರಾ, ಗ್ರೀಚಾ ಎಂಬ ಪಾಸ್ತಾ ಮೂರರಲ್ಲೂ ಹಂದಿಯ ಗಲ್ಲದ ಮಾಂಸವಾದ ಗ್ವಂಚಾಲೆ ಇದೆ. ಪನ್ನಾ ಕೊತ್ತಾ ಎಂಬ ಕೆನೆಯ ಸಿಹಿಗೆ ಪ್ರಾಣಿಗಳಿಂದ ತೆಗೆದ ಜೆಲಟಿನ್ ಹಾಕುತ್ತಾರೆ. ಎಮಿಲಿಯಾ–ರೊಮಾನ್ಯಾ ಕಡೆಯ ಪಿಯಾದೀನಾ ರೊಟ್ಟಿಯ ಹಿಟ್ಟಿಗೆ ಹಂದಿ ಕೊಬ್ಬು ಸೇರಿಸುವುದು ಹಳೆಯ ಪದ್ಧತಿ.

ಚೀಸ್ ವಿಷಯ ಇನ್ನೂ ಸೂಕ್ಷ್ಮ. ಪಾರ್ಮಿಜಾನೊ ರೆಜ್ಜಾನೊ, ಗ್ರಾನಾ ಪದಾನೊ, ಪೆಕೊರೀನೊ ರೊಮಾನೊ ಈ ಮೂರಕ್ಕೂ ಹಾಲು ಒಡೆಸಲು ಬಳಸುವುದು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್. ಅದೂ ಬೇಡ ಎನ್ನುವವರು ‘ಸೆಂತ್ಸಾ ಫೊರ್ಮಾಜ್ಜೊ’, ಚೀಸ್ ಇಲ್ಲದೆ ಎಂದು ಹೇಳಬೇಕು. ಮೊಟ್ಟೆ ತಿನ್ನದವರಿಗೆ ಒಂದು ಸುಲಭದ ಗುರುತು: ಬೊಲೊನ್ಯಾ ಕಡೆಯ ಕೈಯಲ್ಲಿ ಲಟ್ಟಿಸಿದ ತಾಜಾ ಪಾಸ್ತಾಕ್ಕೆ ನೂರು ಗ್ರಾಂ ಹಿಟ್ಟಿಗೆ ಒಂದು ಮೊಟ್ಟೆಯ ಲೆಕ್ಕ, ಒಣಗಿಸಿದ ಸ್ಪಗೆಟಿ, ಪೆನ್ನೆ, ರಿಗತೋನಿಗಳಿಗೆ ಸಾಮಾನ್ಯವಾಗಿ ಡ್ಯೂರಂ ಗೋಧಿ ಮತ್ತು ನೀರು ಮಾತ್ರ. ‘ಸೆಂತ್ಸಾ ವೋವಾ’ ಎಂದರೆ ಮೊಟ್ಟೆ ಇಲ್ಲದೆ. ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ‘ಸೆಂತ್ಸಾ ಚಿಪೊಲ್ಲಾ, ಸೆಂತ್ಸಾ ಆಲ್ಯೊ’ ಎನ್ನಬಹುದು. ಆದರೆ ಸಾಸ್ ಬೆಳಿಗ್ಗೆಯೇ ಆಗಿಬಿಟ್ಟಿರುವುದರಿಂದ ಅದರಿಂದ ತೆಗೆಯಲು ಬರುವುದಿಲ್ಲ. ಆಗಲೇ ಬೇಯಿಸಿ ಬೆಣ್ಣೆ ಹಾಕಿಕೊಡುವ ಪಾಸ್ತಾವನ್ನು ಅವರೇ ಸೂಚಿಸುತ್ತಾರೆ.

ಯುರೋಪಿಯನ್ ಒಕ್ಕೂಟದ ನಿಯಮದಂತೆ 2014ರ ಡಿಸೆಂಬರ್‌ನಿಂದ ಎಲ್ಲ ಹೋಟೆಲುಗಳೂ 14 ಬಗೆಯ ಅಲರ್ಜಿಕಾರಕ ಪದಾರ್ಥಗಳ ಮಾಹಿತಿ ಕೊಡಲೇಬೇಕು. ಮೊಟ್ಟೆ, ಹಾಲು, ಮೀನು, ಸೆಲರಿ ಇವೆಲ್ಲ ಆ ಪಟ್ಟಿಯಲ್ಲಿವೆ. ‘ಅಲ್ಲೇರ್ಜೆನಿ’ ಎಂದು ಕೇಳಿದರೆ ಪ್ರತಿ ತಿನಿಸಿನ ಎದುರು ಅಂಕಿ ಗುರುತಿರುವ ಹಾಳೆಯೊಂದನ್ನು ತಂದುಕೊಡುತ್ತಾರೆ. ಆಂಚೊವಿಯೋ ಮೊಟ್ಟೆಯೋ ಇದೆಯೇ ಎಂದು ಭಾಷೆಯ ಹಂಗಿಲ್ಲದೆ ಅಲ್ಲಿ ನೋಡಿಕೊಳ್ಳಬಹುದು. ಮಾಂಸ ಮಾತ್ರ ಅಲರ್ಜಿಯ ಪಟ್ಟಿಯಲ್ಲಿಲ್ಲ, ಅದನ್ನು ಬಾಯಿಬಿಟ್ಟು ಕೇಳಲೇಬೇಕು.

ಇಷ್ಟು ಎಚ್ಚರಿಕೆ ಹೇಳಿದ ಮೇಲೆ ಸಂತೋಷದ ಮಾತು. ರೋಮ್‌ನಲ್ಲಿದ್ದರೆ ಪೆಕೊರೀನೊ ಮತ್ತು ಕರಿಮೆಣಸಿನ ಕಾಚೊ ಎ ಪೇಪೆ ಪಾಸ್ತಾ, ಇಡೀ ಹೂವಿನಂತೆ ಅರಳುವಂತೆ ಕರಿದ ಆರ್ಟಿಚೋಕ್ ‘ಕಾರ್ಚೋಫಿ ಆಲ್ಲಾ ಜೂದಿಯಾ’. ಸಿಸಿಲಿಯ ಕತಾನಿಯಾದಲ್ಲಿ ಬದನೆಕಾಯಿ, ಟೊಮೇಟೊ, ಉಪ್ಪು ಹಾಕಿದ ರಿಕೊತ್ತಾ ಚೀಸ್ ಸೇರಿದ ಪಾಸ್ತಾ ಆಲ್ಲಾ ನೋರ್ಮಾ, ಜೊತೆಗೆ ಹುಳಿ-ಸಿಹಿಯ ಬದನೆ ಪಲ್ಯ ಕಪೊನಾತಾ. ಪುಲ್ಯಾದಲ್ಲಿ ಒಣ ಫಾವಾ ಕಾಳನ್ನು ಬೇಯಿಸಿ ಮಸೆದು ಕಹಿ ಸೊಪ್ಪಿನೊಡನೆ ಕೊಡುವ ಫಾವೆ ಎ ಚಿಕೋರಿಯಾ. ಕಾಳು, ಸೊಪ್ಪು, ಆಲಿವ್ ಎಣ್ಣೆ, ಇಷ್ಟರಿಂದಲೇ ಅಷ್ಟು ರುಚಿ ಬರುತ್ತದೆಂದು ತಿಂದವರಿಗೇ ಗೊತ್ತು. ಜೆನೊವಾದಲ್ಲಿ ಆಲೂಗಡ್ಡೆ, ಹುರುಳಿಕಾಯಿ ಹಾಕಿದ ಪೆಸ್ತೊ ಪಾಸ್ತಾ. ಮಾಂತೊವಾದಲ್ಲಿ ಕುಂಬಳಕಾಯಿ ತುಂಬಿದ ತೊರ್ತೇಲ್ಲಿ ಪಾಸ್ತಾ. ಆಲ್ಪ್ಸ್ ಪರ್ವತದ ವಲ್ತೆಲ್ಲೀನಾ ಕಣಿವೆಯಲ್ಲಿ ಬಕ್‌ವೀಟ್ ಹಿಟ್ಟಿನ ಪಿತ್ಸೊಕ್ಕೇರಿ ಪಾಸ್ತಾ, ಎಲೆಕೋಸು ಮತ್ತು ಆಲೂಗಡ್ಡೆಯ ಜೊತೆ. ತೊಸ್ಕಾನಾದಲ್ಲಿ (ಟಸ್ಕನಿ) ಹಳೆಯ ರೊಟ್ಟಿಯನ್ನು ಟೊಮೇಟೊದಲ್ಲಿ ಬೇಯಿಸಿದ ಪಾಪ್ಪಾ ಅಲ್ ಪೊಮೊದೋರೊ. ಖಾರ ಬೇಕೆನಿಸಿದರೆ ‘ಪೆಪೆರೊಂಚೀನೊ’ ಕೇಳಿ. ಒಣಮೆಣಸಿನ ಪುಡಿಯನ್ನೋ ಮೆಣಸಿನಕಾಯಿ ನೆನೆಸಿದ ಎಣ್ಣೆಯನ್ನೋ ತಂದಿಡುತ್ತಾರೆ. ಹೆಸರಲ್ಲೇ ಸಿಟ್ಟಿರುವ ಪೆನ್ನೆ ಆಲ್ಲರ್ರಬ್ಯಾತಾ ಬೆಳ್ಳುಳ್ಳಿ, ಟೊಮೇಟೊ, ಮೆಣಸಿನಕಾಯಿಯದು, ಎಲ್ಲೆಡೆ ಸಿಗುತ್ತದೆ.

5. ಪಟ್ಟಿಯ ಅನುಕ್ರಮ ಮತ್ತು ಆರ್ಡರ್

ಪಟ್ಟಿ ಐದು ಭಾಗವಾಗಿರುತ್ತದೆ. ಆಂತಿಪಾಸ್ತೊ ಮೊದಲ ಚಿಕ್ಕ ತಿನಿಸು. ಪ್ರೀಮೊ ಎಂದರೆ ಪಾಸ್ತಾ, ರಿಸೊತ್ತೊ, ಸೂಪು. ಸೆಕೊಂದೊ ಎಂದರೆ ಮಾಂಸ, ಮೀನು. ಕೊಂತೋರ್ನೊ ಪಕ್ಕದ ತರಕಾರಿ. ಸೆಕೊಂದೊ ತಟ್ಟೆಯಲ್ಲಿ ತರಕಾರಿ ತಾನಾಗಿ ಬರುವುದಿಲ್ಲ, ಬೇರೆ ಹೇಳಬೇಕು. ದೋಲ್ಚೆ ಸಿಹಿ. ಎಲ್ಲರೂ ಐದನ್ನೂ ತಿನ್ನಬೇಕೆಂದಿಲ್ಲ, ಇಟಲಿಯವರೇ ದಿನಾ ಹಾಗೆ ತಿನ್ನುವುದಿಲ್ಲ. ಇಬ್ಬರಿದ್ದರೆ ಒಂದು ಆಂತಿಪಾಸ್ತೊ ಹಂಚಿಕೊಂಡು, ಒಬ್ಬೊಬ್ಬರಿಗೆ ಒಂದು ಪ್ರೀಮೊ, ಜೊತೆಗೆ ಒಂದೆರಡು ಕೊಂತೋರ್ನೊ ಎಂದರೆ ಹೊಟ್ಟೆ ತುಂಬುತ್ತದೆ. ಸಸ್ಯಾಹಾರಿಗಳಿಗೆ ನಾನು ಹೇಳುವುದೂ ಇದೇ: ಸೆಕೊಂದೊ ಹುಡುಕುವುದನ್ನು ಬಿಟ್ಟು ಎರಡು ಮೂರು ಕೊಂತೋರ್ನೊ ತರಿಸಿ. ಬೆಳ್ಳುಳ್ಳಿ, ಮೆಣಸಿನಕಾಯಿ ಹಾಕಿ ಬಾಡಿಸಿದ ಚಿಕೋರಿಯಾ ಸೊಪ್ಪು, ಸುಟ್ಟ ಬದನೆ, ಆಲಿವ್ ಎಣ್ಣೆಯ ಬಿಳಿ ಬೀನ್ಸ್ ಕಾಳು ಬಹುತೇಕ ಎಲ್ಲ ಕಡೆ ಇರುತ್ತವೆ. ಆಲೂಗಡ್ಡೆ ರೋಸ್ಟ್ ಮಾತ್ರ ಮಾಂಸದ ಕೊಬ್ಬಿನಲ್ಲಿ ಬೆಂದಿರಬಹುದು, ಕೇಳಿಕೊಳ್ಳಿ. ನಾಲ್ಕು ಜನ ಒಂದೇ ಪಾಸ್ತಾ ಹಂಚಿಕೊಂಡು ಮೇಜು ಹಿಡಿದು ಕೂರುವುದು ಆ ಮನೆಯವರಿಗೆ ಸರಿಬರುವುದಿಲ್ಲ, ಅದು ನ್ಯಾಯವೂ ಅಲ್ಲ.

ಈಗ ಅಸಲು ಪ್ರಶ್ನೆ ಕೇಳಿ: ‘ಕೋಸಾ ಚೇ ದಿ ಬ್ವೋನೊ ಓಜ್ಜಿ?’ ಇವತ್ತು ಏನು ಚೆನ್ನಾಗಿದೆ? ಬಡಿಸುವವನ ಮುಖವೇ ಅರಳುತ್ತದೆ. ಪಟ್ಟಿಯಲ್ಲಿಲ್ಲದ ಒಂದೆರಡು ಹೆಸರು ಹೇಳುತ್ತಾನೆ, ಅವೇ ಆ ದಿನದ್ದು. ಕೆಲವು ಊರಲ್ಲಿ ವಾರಕ್ಕೂ ಅಡುಗೆಗೂ ನಂಟಿದೆ. ರೋಮ್‌ನಲ್ಲಿ ಗುರುವಾರ ನ್ಯೊಕ್ಕಿ ಎಂಬ ಆಲೂಗಡ್ಡೆಯ ಪುಟ್ಟ ಉಂಡೆಗಳು, ಶುಕ್ರವಾರ ಮೀನು, ಶನಿವಾರ ತ್ರಿಪ್ಪಾ ಎಂಬ ದನದ ಹೊಟ್ಟೆಯ ಪದಾರ್ಥ ಎಂಬ ನುಡಿಗಟ್ಟೇ ಇದೆ. ಗುರುವಾರ ರೋಮ್‌ನಲ್ಲಿದ್ದೂ ನ್ಯೊಕ್ಕಿ ಕೇಳದಿರಬೇಡಿ, ಆದರೆ ಯಾವ ಸಾಸಿನದೆಂದು ವಿಚಾರಿಸಿ.

ಬಾಯಲ್ಲಿ ಹೇಳಿದ ತಿನಿಸುಗಳ ಬೆಲೆ ಕೇಳುವುದಕ್ಕೆ ನಾಚಿಕೆ ಬೇಡ: ‘ಕ್ವಾಂತೊ ಕೋಸ್ತಾ?’ ಮೀನು ಮತ್ತು ಫಿರೆಂಜೆಯ (ಫ್ಲಾರೆನ್ಸ್) ದಪ್ಪ ದನದ ಮಾಂಸದ ತುಂಡು ಬಿಸ್ತೇಕ್ಕಾಗಳ ಎದುರು ಇರುವ ಬೆಲೆ ತೂಕದ್ದು, ತಟ್ಟೆಯದಲ್ಲ. ‘ಎತ್ತೊ’ ಎಂದರೆ 100 ಗ್ರಾಂ. ಎತ್ತೊಗೆ 6 ಯೂರೊ ಎಂದು ಬರೆದಿದ್ದು ಮೀನು 800 ಗ್ರಾಂ ತೂಗಿದರೆ ಬಿಲ್ಲು 48 ಯೂರೊ. ಬೇಯಿಸುವ ಮೊದಲು ಮೀನನ್ನು ತಂದು ತೋರಿಸಿ ತೂಕ ಹೇಳುವುದು ಪದ್ಧತಿ, ಹೇಳದಿದ್ದರೆ ನೀವೇ ಕೇಳಿ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಪಿಯೆಮೊಂತೆಯಲ್ಲಿ ಮೇಜಿನ ಬಳಿಯೇ ತುರಿಯುವ ಬಿಳಿ ತ್ರಫಲ್ ಅಣಬೆಯದೂ ಗ್ರಾಂ ಲೆಕ್ಕ. ರಿಸೊತ್ತೊ ಪಕ್ಕದಲ್ಲಿ ‘ಮಿನಿಮೊ ಪೆರ್ ದೂಯೆ’ ಎಂದಿದ್ದರೆ ಇಬ್ಬರಿಗಾಗುವಷ್ಟು ಹೇಳಿದರೆ ಮಾತ್ರ ಮಾಡುತ್ತಾರೆ. ಹದಿನೆಂಟು ಇಪ್ಪತ್ತು ನಿಮಿಷ ನಿಂತು ತಿರುವಬೇಕಾದ ಅಡುಗೆ ಅದು. ದುಡ್ಡು ಹಿಡಿತದಲ್ಲಿರಬೇಕೆಂದರೆ ವಾರದ ದಿನಗಳಲ್ಲಿ ಮಧ್ಯಾಹ್ನ ಹೋಗಿ. ಸುತ್ತಲಿನ ಕಚೇರಿ, ಕಾರ್ಯಾಗಾರದವರಿಗೆಂದು ‘ಪ್ರಾಂಜೊ ದಿ ಲವೋರೊ’ ಎಂಬ ನಿಗದಿತ ಬೆಲೆಯ ಊಟ ಇರುತ್ತದೆ. ಸುಮಾರು 12ರಿಂದ 15 ಯೂರೊಗೆ ಪಾಸ್ತಾ, ಇನ್ನೊಂದು ತಿನಿಸು, ನೀರು, ಎಷ್ಟೋ ಕಡೆ ಕಾಫಿಯೂ ಸೇರಿರುತ್ತದೆ.

ಇಲ್ಲದ್ದನ್ನು ಹುಡುಕಬೇಡಿ. ಸ್ಪಗೆಟಿ ಬೊಲೊನೇಸ್ ಎಂಬುದು ಬೊಲೊನ್ಯಾದಲ್ಲಿ ಇಲ್ಲ. ಅಲ್ಲಿಯ ಮಾಂಸದ ಸಾಸ್ ರಗೂ ಹೋಗುವುದು ಅಗಲ ಎಳೆಯ ತಾಲ್ಯತೆಲ್ಲೆಗೆ. ಮನೆಯಡುಗೆಯ ತ್ರತ್ತೋರಿಯಾದಲ್ಲಿ ಎಷ್ಟೋ ಸಲ ಪಿಜ್ಜಾ ಕೂಡ ಇರುವುದಿಲ್ಲ, ಅದಕ್ಕೆ ಬೇರೆ ಒಲೆ, ಬೇರೆ ಕೈ ಬೇಕು.

6. ನೀರು, ರೊಟ್ಟಿ ಮತ್ತು ಕೊಪೆರ್ತೊ

ನೀರು ಬಾಟಲಿಯಲ್ಲಿ ಬರುತ್ತದೆ, ದುಡ್ಡು ಕೊಡಬೇಕು, ಎರಡು ಮೂರು ಯೂರೊ. ‘ನತುರಾಲೆ’ ಸಾದಾ, ‘ಫ್ರಿತ್ಸಾಂತೆ’ ಗ್ಯಾಸ್ ಇರುವುದು. ವೈನ್ ಕುಡಿಯುವವರು ‘ವೀನೊ ದೆಲ್ಲಾ ಕಾಸಾ’, ಮನೆಯ ವೈನ್ ಕೇಳಬಹುದು. ಕಾಲು, ಅರ್ಧ, ಒಂದು ಲೀಟರಿನ ಹೂಜಿಯಲ್ಲಿ ಬರುತ್ತದೆ, ಬಾಟಲಿಗಿಂತ ಬಹಳ ಅಗ್ಗ.

ಬಿಲ್ಲಿನಲ್ಲಿ ಎಲ್ಲರನ್ನೂ ಕಾಡುವ ಸಾಲು ಕೊಪೆರ್ತೊ. ತಲೆಗೆ ಸುಮಾರು ಒಂದರಿಂದ ಮೂರು ಯೂರೊ, ಮೇಜಿನ ಹಾಸು, ರೊಟ್ಟಿ, ಪಾತ್ರೆಗಳ ಲೆಕ್ಕದಲ್ಲಿ. ಅದು ಮೋಸವಲ್ಲ, ಪಟ್ಟಿಯಲ್ಲಿ ನಮೂದಿಸಿದ್ದರೆ ಕೊಡಲೇಬೇಕು. ನಮೂದಿಸದೆ ಬಿಲ್ಲಿಗೆ ಸೇರಿಸಿದ್ದರೆ ಪ್ರಶ್ನಿಸಬಹುದು. ರೋಮ್ ಇರುವ ಲಾಜಿಯೊ ಪ್ರಾಂತ್ಯ ಮಾತ್ರ 2006ರ ಕಾನೂನಿನಿಂದ ಕೊಪೆರ್ತೊ ವಸೂಲಿಯನ್ನು ನಿಷೇಧಿಸಿದೆ. ಅಲ್ಲಿ ‘ಪಾನೆ’ ಎಂದು ರೊಟ್ಟಿಗೆ ಹಣ ಹಾಕುತ್ತಾರೆ, ರೊಟ್ಟಿ ಬೇಡವೆಂದು ಮೊದಲೇ ಹೇಳಿದರೆ ಅದು ಬೀಳಬಾರದು. ‘ಸೆರ್ವೀತ್ಸಿಯೊ’ ಎಂಬ ಶೇಕಡಾವಾರು ಸೇವಾಶುಲ್ಕ ಪ್ರವಾಸಿ ಕೇಂದ್ರಗಳಲ್ಲಿ ಹೆಚ್ಚು. ಕೂರುವ ಮೊದಲು ಪಟ್ಟಿಯ ಕೆಳಗಿನ ಸಣ್ಣ ಅಕ್ಷರ ಓದಿದರೆ ಗೊತ್ತಾಗುತ್ತದೆ.

7. ತಟ್ಟೆ ಮುಂದೆ ಬಂದಾಗ

ಪಾಸ್ತಾ ಬಂದ ಕೂಡಲೇ ತಿನ್ನಬೇಕು. ಅದು ಬಿಸಿ ಇರುವಾಗ ಫೋಟೊ ತೆಗೆಯುತ್ತ ಕೂತರೆ ಅಡುಗೆಯವರಿಗೆ ನಿಜವಾಗಿಯೂ ಬೇಸರವಾಗುತ್ತದೆ. ಒಳಗೆ ಸ್ವಲ್ಪ ಗಟ್ಟಿ ಉಳಿಯುವಂತೆ ಬೇಯಿಸಿರುತ್ತಾರೆ, ಅದು ಬೇಯದ್ದಲ್ಲ. ಸ್ಪಗೆಟಿಯನ್ನು ಚಾಕುವಿನಿಂದ ಕತ್ತರಿಸದೆ ನಾಲ್ಕೈದು ಎಳೆ ಹಿಡಿದು ಫೋರ್ಕಿನಲ್ಲಿ ಸುತ್ತಿ. ಮೀನಿನ ಪಾಸ್ತಾಕ್ಕೆ ಚೀಸ್ ಕೇಳಬೇಡಿ, ಮೀನಿನ ರುಚಿಯನ್ನು ಅದು ನುಂಗಿಹಾಕುತ್ತದೆ ಎಂಬುದು ಅವರ ಗಟ್ಟಿ ನಂಬಿಕೆ. ರೊಟ್ಟಿ ಪಾಸ್ತಾದ ಜೊತೆ ನಂಚಿಕೊಳ್ಳಲಿಕ್ಕಲ್ಲ, ಸೆಕೊಂದೊ ಜೊತೆಗೆ, ಬೆಣ್ಣೆ ಬರುವುದಿಲ್ಲ. ಆದರೆ ಕೊನೆಗೆ ತಟ್ಟೆಯಲ್ಲಿ ಉಳಿದ ಸಾಸನ್ನು ರೊಟ್ಟಿ ಚೂರಿನಿಂದ ಒರೆಸಿ ತಿನ್ನುವುದು, ಅವರು ‘ಸ್ಕಾರ್ಪೆತ್ತಾ’ ಎನ್ನುವುದು, ಮನೆಯ ತ್ರತ್ತೋರಿಯಾದಲ್ಲಿ ಅಡುಗೆಯವರಿಗೆ ಸಿಗುವ ಅತಿ ದೊಡ್ಡ ಮೆಚ್ಚುಗೆ. ತೊಸ್ಕಾನಾ ಕಡೆ ರೊಟ್ಟಿಗೆ ಉಪ್ಪೇ ಹಾಕುವುದಿಲ್ಲ, ಮರೆತಿದ್ದಾರೆ ಅಂದುಕೊಳ್ಳಬೇಡಿ.

ತಿನಿಸುಗಳ ನಡುವೆ ಅಂತರ ಇರುತ್ತದೆ. ಒಬ್ಬರೇ ಅಡುಗೆ ಮಾಡುತ್ತಿರಬಹುದು. ಎರಡು ಗಂಟೆ ಬಿಡುವಿಟ್ಟುಕೊಂಡು ಹೋಗಿ. ಆ ಮೇಜು ಆ ರಾತ್ರಿ ಬಹುತೇಕ ನಿಮ್ಮದೇ.

8. ಕಾಫಿ, ಬಿಲ್ಲು, ಹೊರಡುವ ಮಾತು

ಕಾಫಿ ಸಿಹಿಯ ನಂತರ, ಅದೂ ಪುಟ್ಟ ಕಪ್ಪಿನ ಎಸ್ಪ್ರೆಸ್ಸೊ. ‘ಉನ್ ಕಫ್ಫೇ’ ಎಂದರೆ ಅದೇ. ಹಾಲು ಹೊಟ್ಟೆಗೆ ಭಾರ ಎಂದು ಕಪುಚೀನೊವನ್ನು ಅವರು ಬೆಳಗ್ಗೆಗೆ ಬಿಟ್ಟಿದ್ದಾರೆ. ಸ್ವಲ್ಪ ಹಾಲು ಬೇಕೇ ಬೇಕೆಂದರೆ ‘ಕಫ್ಫೇ ಮಕ್ಯಾತೊ’ ಕೇಳಿ, ಯಾರೂ ಹುಬ್ಬೇರಿಸುವುದಿಲ್ಲ. ತಿರಮಿಸು ಎಂಬ ಸಿಹಿಯಲ್ಲಿ ಸಾಮಾನ್ಯವಾಗಿ ಹಸಿ ಮೊಟ್ಟೆ ಇರುತ್ತದೆಂಬುದನ್ನು ಗರ್ಭಿಣಿಯರು, ಮೊಟ್ಟೆ ತಿನ್ನದವರು ನೆನಪಿಡಬೇಕು. ಊಟದ ಕೊನೆಗೆ ಮನೆಯವರು ಲಿಮೊಂಚೆಲ್ಲೊ ಅಥವಾ ಕಹಿ ಅಮಾರೊ ಮದ್ಯವನ್ನು ಪ್ರೀತಿಯಿಂದ ಬಿಟ್ಟಿಯಾಗಿ ತಂದಿಡುವುದುಂಟು. ಕುಡಿಯದವರು ಎದೆಯ ಮೇಲೆ ಕೈಯಿಟ್ಟು ‘ಗ್ರಾತ್ಸಿಯೆ, ನೊನ್ ಬೇವೊ’ ಎಂದರೆ ಯಾರೂ ಬೇಸರ ಪಟ್ಟುಕೊಳ್ಳುವುದಿಲ್ಲ.

ಬಿಲ್ಲನ್ನು ಅವರಾಗಿ ತರುವುದಿಲ್ಲ. ಎದ್ದು ಹೋಗಿ ಎಂದಂತಾಗುತ್ತದೆ ಎಂಬ ಸೌಜನ್ಯ ಅದು. ‘ಇಲ್ ಕೋಂತೊ, ಪೆರ್ ಫವೋರೆ’ ಎಂದು ಕೇಳಿ, ಇಲ್ಲವೇ ನೀವೇ ಗಲ್ಲಾಕ್ಕೆ ಹೋಗಿ. ಸಾಲು ಸಾಲಾಗಿ ಓದಿ ನೋಡಿ. ಕಾರ್ಡ್ ತೆಗೆದುಕೊಳ್ಳಲು ನಿರಾಕರಿಸಿದರೆ ಅಂಗಡಿಯವರಿಗೆ ದಂಡ ವಿಧಿಸುವ ನಿಯಮ 2022ರ ಜೂನ್ 30ರಿಂದ ಜಾರಿಯಲ್ಲಿದೆ, ಆದರೂ ಸಣ್ಣ ಊರುಗಳಲ್ಲಿ ಯಂತ್ರ ಕೈಕೊಡುತ್ತಿರುತ್ತದೆ. ಸ್ವಲ್ಪ ನಗದು ಇಟ್ಟುಕೊಂಡಿರಿ. ಟಿಪ್ಸ್ ಕಡ್ಡಾಯವಲ್ಲ. ಊಟ ಮನಸ್ಸಿಗೆ ಹಿಡಿಸಿದ್ದರೆ ಒಂದೆರಡು ಯೂರೊ ನಾಣ್ಯ ಮೇಜಿನ ಮೇಲೆ ಬಿಟ್ಟರೆ, ಅಥವಾ 47ಕ್ಕೆ 50 ಕೊಟ್ಟರೆ ಧಾರಾಳವಾಯಿತು. ‘ಸ್ಕೊಂತ್ರೀನೊ’ ಎಂಬ ಅಧಿಕೃತ ರಸೀದಿ ಕೊಡುವುದು ಅವರ ಕರ್ತವ್ಯ. ಕೈಬರಹದ ಚೀಟಿ ಕೊಟ್ಟರೆ ರಸೀದಿಯನ್ನು ಕೇಳಿ ಪಡೆಯಿರಿ.

ಅದೇ ಊರಿನಲ್ಲಿ ಇನ್ನೂ ಒಂದು ರಾತ್ರಿ ಉಳಿಯುವುದಾದರೆ ಬೇರೆ ಜಾಗ ಹುಡುಕುವುದಕ್ಕಿಂತ ಇಲ್ಲಿಗೇ ಮತ್ತೆ ಬರುವುದು ಲೇಸು ಎನ್ನುತ್ತೇನೆ. ಬಿಲ್ಲು ಕೊಡುವಾಗಲೇ ಮೇಜು ಕಾದಿರಿಸಿ, ನೀವು ಏನು ತಿನ್ನುವುದಿಲ್ಲ ಎಂಬುದನ್ನು ಇನ್ನೊಮ್ಮೆ ಹೇಳಿ. ಈ ಸಲ ಅವರು ಸಾಸಿಗೆ ಒಗ್ಗರಣೆ ಹಾಕುವ ಮೊದಲೇ ಆ ಮಾತು ಅಡುಗೆಮನೆಗೆ ತಲುಪಿರುತ್ತದೆ, ಪಂಚೇತ್ತಾ ಹಾಕದ ಒಂದು ಪಾತ್ರೆಯನ್ನು ಬೇರೆ ತೆಗೆದಿಡಲು ಅವರಿಗೆ ಬೆಳಗಿನಿಂದಲೇ ಸಮಯವಿರುತ್ತದೆ.